ಐಮರದ ಮೇಲೆ ಕುಳಿತಾಗ

ಸುಗ್ಗಿ ಹಬ್ಬ ಪುತ್ತರಿ ಬಂತೆಂದರೆ ಕೊಡಗಿನ ಹುದಿಕೇರಿ ಸುತ್ತಲಿನ ಐನ್‌ಮನೆಗಳು, ಅಂದರೆ ಕೊಡವ ಒಕ್ಕಗಳ (ಕುಲಗಳ) ಮೂಲಮನೆಗಳು, ತುಂಬುತ್ತವೆ. ಬೆಂಗಳೂರು, ಮೈಸೂರಿನಿಂದ ಬಂದ ಒಕ್ಕದವರು ಹಿರಿಯರ ಕಾಲು ಮುಟ್ಟಿ ಜಗಲಿಯ ಮರದ ಹಲಗೆಯಾದ ಐಮರದ ಮೇಲೆ ಕೂರುತ್ತಾರೆ. ಎಲೆಗಳ ಕಟ್ಟಾದ ನೆರೆ ಕಟ್ಟಿ, ರಾತ್ರಿ ಗದ್ದೆಗೆ ಹೋಗಿ, ಗುಂಡು ಹಾರಿದೊಡನೆ ಕದಿರು (ಭತ್ತದ ತೆನೆ) ಕೊಯ್ಯಬೇಕು. ಆಗ ಎಲ್ಲರ ಕೈಯಲ್ಲೂ ಮೊಬೈಲೇ ಇದ್ದರೆ ‘ಪೊಲಿ ಪೊಲಿ ದೇವಾ’ ಎಂದು ದನಿಗೂಡಿಸುವವರು ಯಾರು?

ಮೊಬೈಲೇ ಬೇಡವೆಂದಲ್ಲ. ರಜೆ ಸಿಗದ ಸೈನಿಕನಿಗೆ ಹಬ್ಬ ತಲುಪುವುದು ಅದರಿಂದಲೇ.

ಆದರೆ ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಕ್ಕದಲ್ಲಿ ಸುಮ್ಮನೆ ಇಟ್ಟ ಮೊಬೈಲ್ ಕೂಡ ಮಾತುಕತೆಯ ಆಪ್ತತೆಯನ್ನು ತಗ್ಗಿಸಿತ್ತು. ಅಜ್ಜ ಹಳೆಯ ಸಂಗತಿ ಹೇಳುವಾಗ ಅದು ಜೇಬಿನಲ್ಲಿರುವುದೇ ಚೆನ್ನ. ತುರ್ತು ಕರೆ ಬರುವುದಿದ್ದರೆ ಮೊದಲೇ ತಿಳಿಸಿ, ಅಂಗಳಕ್ಕಿಳಿದು ಮಾತನಾಡಿ ಬಂದರೆ ಯಾರೂ ಬೇಸರಿಸುವುದಿಲ್ಲ.