ದೂಧಗಂಗೆಯ ದಂಡೆಗುಂಟ ಸಾವಕಾಶ ಸೈಕಲ್ ಸವಾರಿ



ಕಾರದಗಾ-ಭೋಜ, ಭೋಜವಾಡಿ-ಕುನ್ನೂರ, ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ, ಮಲಿಕವಾಡ-ದತ್ತವಾಡ, ಕಲ್ಲೋಳ-ಯಡೂರ. ಮಳೆಗಾಲ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಸುದ್ದಿಯಲ್ಲಿ ಈ ಊರುಗಳ ಹೆಸರು ಜೋಡಿ ಜೋಡಿಯಾಗಿಯೇ ಕೇಳಿಬರುತ್ತವೆ. ಎಲ್ಲವೂ ನೀರಿನಡಿ ಹೋದ ಬಾಂದಾರ ಸೇತುವೆಗಳು. ಸಹ್ಯಾದ್ರಿಯಲ್ಲಿ ಮಳೆ ಜೋರಾಗಿ ದೂಧಗಂಗೆಯ ಕಾಳಮ್ಮವಾಡಿ ಜಲಾಶಯದಿಂದಲೂ ವೇದಗಂಗೆಯ ಪಾಟಗಾಂವ ಜಲಾಶಯದಿಂದಲೂ ನೀರು ಬಿಟ್ಟರೆ, ಕೆಳಗಿನ ಈ ತಗ್ಗು ಸೇತುವೆಗಳು ಮೊದಲು ಮುಳುಗುತ್ತವೆ. ಮಳೆ ಹಿಂದೆಗೆದು ನೀರು ಇಳಿದ ಮೇಲೆ ಮಾತ್ರ ಇದೇ ಪಟ್ಟಿ ಸೈಕಲ್ ಸವಾರರ ಕೈಗೆ ಸಿಕ್ಕ ನಕ್ಷೆಯಾಗುತ್ತದೆ. ಭಾರಿ ವಾಹನಗಳು ದೊಡ್ಡ ಸೇತುವೆ ಹುಡುಕಿಕೊಂಡು ಹೋಗುತ್ತವೆ. ಬಾಂದಾರದ ದಾರಿಯಲ್ಲಿ ಹೆಚ್ಚಾಗಿ ಎದುರಾಗುವವರು ಮೇವಿನ ಹೊರೆ ಕಟ್ಟಿಕೊಂಡ ಬೈಕಿನವರು, ಎತ್ತಿನ ಗಾಡಿಯವರು, ಹೊಲಕ್ಕೆ ಹೊರಟ ಹೆಣ್ಣುಮಕ್ಕಳು. ನಿಧಾನವಾಗಿ, ನೋಡುತ್ತ ಹೋಗಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ.

ಭೋಜ ಇರುವುದು ವೇದಗಂಗೆ ಬಂದು ದೂಧಗಂಗೆಯನ್ನು ಕೂಡುವ ಜಾಗದಲ್ಲಿ. 1872ರಲ್ಲಿ ಹುಟ್ಟಿ, ದಿಗಂಬರ ಮುನಿ ಪರಂಪರೆಗೆ ಹೊಸ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರು ಇದೇ ಊರಿನ ಪಾಟೀಲ ಮನೆತನದವರು. ಊರಿನ ಸುತ್ತ ಒಂದು ಅಚ್ಚುಕಟ್ಟಾದ ಸುತ್ತುದಾರಿ ಇದೆ. ಭೋಜದಿಂದ ಭೋಜವಾಡಿ, ಅಲ್ಲಿಂದ ವೇದಗಂಗೆಯ ಬಾಂದಾರ ದಾಟಿ ಕುನ್ನೂರ. ಕುನ್ನೂರ ಎರಡು ನದಿಗಳ ನಡುವಿನ ಊರು. ಆಚೆ ಬದಿಗೆ ಹೋದರೆ ದೂಧಗಂಗೆ, ಅದರ ಬಾಂದಾರ ದಾಟಿದರೆ ಬಾರವಾಡ. ಅಲ್ಲಿಂದ ಒಳದಾರಿಯಲ್ಲಿ ಕಾರದಗಾ, ಮತ್ತೆ ದೂಧಗಂಗೆ ದಾಟಿ ಭೋಜ. ಒಂದೇ ಸುತ್ತಿನಲ್ಲಿ ಎರಡು ನದಿ, ಮೂರು ಬಾಂದಾರ. ನಸುಕಿನಲ್ಲಿ ಹೊರಟವರು ಚಹಾಕ್ಕೆ, ಮಾತಿಗೆ ನಿಂತು ನಿಂತು ಬಂದರೂ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

ಬಾಂದಾರದ ಮೇಲೆ ಇಳಿದು ನಿಲ್ಲುವುದನ್ನು ಮಾತ್ರ ಮರೆಯಬಾರದು. ಇವು ಕೊಲ್ಹಾಪುರ ಮಾದರಿಯ ಬಾಂದಾರಗಳು. ಸಾಲು ಕಂಬಗಳ ಮೈಯಲ್ಲಿ ಉದ್ದಕ್ಕೂ ತೋಡು ಕೊರೆದಿರುತ್ತಾರೆ. ಮಳೆ ಮುಗಿದ ಮೇಲೆ ಆ ತೋಡಿನಲ್ಲಿ ಒಂದರ ಮೇಲೊಂದು ಹಲಗೆ ಇಳಿಸಿ ನೀರು ತಡೆಯುತ್ತಾರೆ, ಮುಂದಿನ ಮಳೆಗಾಲಕ್ಕೆ ಮುಂಚೆ ಅವನ್ನೆಲ್ಲ ಎತ್ತಿಬಿಡುತ್ತಾರೆ. ಡಿಸೆಂಬರಿನ ಬೆಳಿಗ್ಗೆ ನಿಂತು ನೋಡಿದರೆ ಒಂದು ಬದಿಗೆ ದಂಡೆಮಟ್ಟ ತುಂಬಿ ನಿಂತ ನೀರು, ಅದರ ಮೇಲೆ ಹಬೆಯಂಥ ಮಂಜು. ಇನ್ನೊಂದು ಬದಿಗೆ ಹಲಗೆಗಳ ಸಂದಿನಿಂದ ಸೋರಿ ಬಂಡೆಗಳ ನಡುವೆ ಹರಿಯುವ ಸಣ್ಣ ನೀರು, ಅಲ್ಲಿ ಮೀನಿಗೆ ಕಾದ ಬಕಪಕ್ಷಿಗಳು. ದಂಡೆಗುಂಟ ಪಂಪ್‌ಸೆಟ್ಟಿನ ಪೈಪುಗಳು ಸಾಲಾಗಿ ನೀರಿಗಿಳಿದಿರುತ್ತವೆ. ಈ ಸೀಮೆಯ ಕಬ್ಬು ಯಾವ ನೀರು ಕುಡಿದು ಬೆಳೆಯುತ್ತದೆ ಎಂಬುದು ಕಾರಿನ ಕಿಟಕಿಯಿಂದ ಕಾಣದು, ಇಲ್ಲಿ ಕಣ್ಣಿಗೇ ಬೀಳುತ್ತದೆ.

ಅಪಾಯವಿರುವುದೂ ಇಲ್ಲೇ. ತಗ್ಗು ಬಾಂದಾರಗಳಿಗೆ ಎಷ್ಟೋ ಕಡೆ ಪಕ್ಕದ ಕಟ್ಟೆ ಇರುವುದಿಲ್ಲ, ಅಗಲವೂ ಕಡಿಮೆ. ನೆರೆ ಇಳಿದ ವಾರದಲ್ಲಿ ಮೇಲ್ಮೈ ತುಂಬ ನುಣ್ಣನೆಯ ರಾಡಿ ಕೂತಿರುತ್ತದೆ, ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಅಲ್ಲಿ ಸೈಕಲ್ ಇಳಿದು ತಳ್ಳಿಕೊಂಡೇ ದಾಟಬೇಕು. ಬಾಂದಾರದ ಮೇಲೆ ನೀರು ಹರಿಯುತ್ತಿದ್ದರೆ ಅದು ಪಾದ ಮುಳುಗುವಷ್ಟೇ ಇರಲಿ, ದಾಟಲೇಬಾರದು. ಹರಿಯುವ ನೀರಿಗೆ ಸೈಕಲ್ಲಿನ ಚಕ್ರ ಅಡ್ಡ ಸಿಕ್ಕರೆ ಸವಾರನ ಸಮೇತ ಎಳೆದೊಯ್ಯುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯನ್ನು ಈ ಭಾಗದವರು ಮರೆತಿಲ್ಲ. ಆಗ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆಯ ನೀರು ನುಗ್ಗಿ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದಾಗಿತ್ತು. ಹೆದ್ದಾರಿಯನ್ನೇ ನಿಲ್ಲಿಸಿದ ನೀರಿನೆದುರು ಸೈಕಲ್ಲಿನ ಸಾಹಸ ಬೇಡ. ಊರಿನ ಕೊನೆಯ ಚಹಾದಂಗಡಿಯಲ್ಲಿ ಕೇಳಿದರೆ ಸಾಕು. "ಕಾಕಾ, ಬಾಂದಾರ ಮ್ಯಾಲ ನೀರೈತೇನ್ರಿ?" ಅಂದರೆ, "ನಿನ್ನೆ ಸಂಜೀಕ ಇಳದೈತಿ, ರಾಡಿ ಭಾಳ ಐತಿ ತಮ್ಮಾ, ಸಾವಕಾಶ ಹೋಗು" ಎಂಬಂಥ ಖಚಿತ ಉತ್ತರ ಸಿಗುತ್ತದೆ. ಫೋನಿನ ನಕ್ಷೆಗೆ ಆ ರಾಡಿ ಗೊತ್ತಿರುವುದಿಲ್ಲ. ನದಿ ದಾಟಿ ಮಹಾರಾಷ್ಟ್ರದ ದತ್ತವಾಡದ ಕಡೆ ಹೋದರೆ ಅದೇ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಬೇಕಾದೀತು, ಗಡಿಯ ಮಂದಿಗೆ ಎರಡೂ ನಡೆಯುತ್ತದೆ.

ಹಾಗಾದರೆ ಯಾವ ತಿಂಗಳು ಒಳ್ಳೆಯದು? ದಸರಾದಿಂದ ದೀಪಾವಳಿವರೆಗಿನ ದಿನಗಳಿಗೆ ಮೊದಲ ಮಣೆ. ಮಳೆ ಹಿಂದೆಗೆದಿರುತ್ತದೆ, ಹೊಲದಲ್ಲಿ ಸೋಯಾಬೀನ್ ರಾಶಿ ನಡೆದಿರುತ್ತದೆ, ನಿಪ್ಪಾಣಿ ಸುತ್ತ ತಂಬಾಕಿನ ಸಸಿಗಳು ಎಲೆ ಬಿಡಿಸಿರುತ್ತವೆ, ಕಾರ್ಖಾನೆಗಳು ಇನ್ನೂ ಕಬ್ಬು ನುರಿಸಲು ಹತ್ತಿರುವುದಿಲ್ಲ. ನವೆಂಬರಿನಲ್ಲಿ ಹಂಗಾಮು ಶುರುವಾಯಿತೆಂದರೆ ರಸ್ತೆಯ ಚಹರೆಯೇ ಬೇರೆ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಅದರ ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ತುದಿ. ಹಿಂದಿನ ಟ್ರೇಲರ್ ತಿರುವಿನಲ್ಲಿ ಎತ್ತ ಬೀಸುತ್ತದೆಂದು ಚಾಲಕನಿಗೂ ಕಾಣುವುದಿಲ್ಲ. ಇಂಥ ಗಾಡಿಯ ಪಕ್ಕ ಸೈಕಲ್ ನುಗ್ಗಿಸುವ ಬದಲು ರಸ್ತೆ ಬಿಟ್ಟು ಕೆಳಗಿಳಿದು ನಿಂತುಬಿಡುವುದು ಜಾಣತನ. ಬಿದ್ದ ಕಬ್ಬು ಗಾಲಿಗೆ ಸಿಕ್ಕು ಜಜ್ಜಿ ಹೋದಲ್ಲಿ ಡಾಂಬರು ಜಾರುತ್ತದೆ, ಅದರ ಮೇಲೆ ಹ್ಯಾಂಡಲ್ ತಿರುಗಿಸಬಾರದು.

ಹಂಗಾಮಿನಲ್ಲಿ ಸೈಕಲ್ಲೇ ಬೇಡವೆಂದಲ್ಲ. ಕಾರ್ಖಾನೆಗೆ ಹೋಗುವ ರಸ್ತೆಯನ್ನು ಬಿಟ್ಟು ಊರಿಂದ ಊರಿಗೆ ಹೋಗುವ ಒಳದಾರಿ ಹಿಡಿದರೆ, ಕಡಿದ ಕಬ್ಬಿನ ಹೊಲಗಳಲ್ಲಿ ರವದಿ ಹಾಸಿರುತ್ತದೆ, ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಗುಡಿಸಲಲ್ಲಿ ಬೆಳಗಿನ ಒಲೆ ಉರಿಯುತ್ತಿರುತ್ತದೆ, ಗಾಣ ನಡೆದಲ್ಲಿ ಬಿಸಿ ಬೆಲ್ಲದ ವಾಸನೆ ಅರ್ಧ ಮೈಲಿಗೇ ಬರುತ್ತದೆ. ಗಾಣದ ಮುಂದೆ ನಿಂತ ಸೈಕಲ್ಲಿನವರಿಗೆ ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸುವ ಪದ್ಧತಿ ಈ ಕಡೆ ಇಲ್ಲ. ಜನವರಿಯಲ್ಲಿ ಜೋಳದ ಹೊಲಗಳಲ್ಲಿ ಸೀತನಿ ಸುಡುತ್ತಾರೆ. ಆ ಹೊತ್ತಿಗೆ ಅಥಣಿ ಕಡೆಯ ಮಡ್ಡಿ ಹೊಲಗಳ ದಾರಿ ಹಿಡಿದವರ ಪುಣ್ಯ ದೊಡ್ಡದು.

ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿಯುವವರು ಮಣ್ಣನ್ನು ಅರಿತಿರಬೇಕು. ನದಿ ಪಾತ್ರದ ಎರೆಮಣ್ಣು ಒಣಗಿದಾಗ ಸಿಮೆಂಟಿನಂಥ ದಾರಿ. ಒಂದು ಹದ ಮಳೆ ಬಿದ್ದರೆ ಕಥೆ ಬೇರೆ. ಮೊದಲು ಟೈರಿಗೆ ತೆಳ್ಳಗೆ ಮೆತ್ತುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಹುಲ್ಲು, ರವದಿ ಎಲ್ಲ ಸೇರಿಸಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ, ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ತಳ್ಳಿದರೂ ಸೈಕಲ್ ಕದಲದು. ಕಡ್ಡಿ ಹುಡುಕಿ, ಬ್ರೇಕ್ ಬ್ಲಾಕಿನ ಸುತ್ತಲಿನ ಮಣ್ಣನ್ನು ಕೆರೆದು ತೆಗೆದು, ಹೆಗಲ ಮೇಲೆ ಹೊತ್ತು ಡಾಂಬರು ಸೇರಬೇಕು. ಮಳೆಯಾಗಿ ಒಂದೆರಡು ಬಿಸಿಲು ಬೀಳುವ ತನಕ ಎರೆ ಹೊಲದ ದಾರಿಗೆ ಇಳಿಯದಿರುವುದೇ ಲೇಸು. ರಾಯಬಾಗ ತಾಲ್ಲೂಕಿನವರಿಗೆ ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದ ದಾರಿಗಳಿವೆ. ಅವು ಏರಿಳಿತವಿಲ್ಲದ ಸಮದಾರಿ, ಹೊಸಬರಿಗೆ ಹೇಳಿ ಮಾಡಿಸಿದಂತಿವೆ. ಆದರೆ ಜಾಲಿಮುಳ್ಳು ಜಾಸ್ತಿ, ಪಂಕ್ಚರ್ ಸಾಮಾನು ಜೊತೆಗಿರಲಿ. ಕಾಲುವೆಯಂಚಿಗೆ ಮಾತ್ರ ಒತ್ತಿಕೊಂಡು ಹೋಗಬಾರದು.

ಇನ್ನು ಸೈಕಲ್ಲಿನ ವಿಷಯ. ಬೆಳಗಾವಿ ಜಿಲ್ಲೆಗೂ ಸೈಕಲ್ಲಿಗೂ ಹಳೆಯ ನಂಟು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅದೇ 1888ರಲ್ಲಿ ಇಲ್ಲಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ನೇಗಿಲು, ಪಂಪು ತಯಾರಿಸಿ ದೇಶಕ್ಕೆಲ್ಲ ಹೆಸರಾದ ಉದ್ಯಮದ ಬೇರು ಆ ಅಂಗಡಿಯಲ್ಲಿದೆ. ಶತಮಾನ ಕಳೆದ ಮೇಲೆ, 2006-07ರಲ್ಲಿ, ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಆ ಸೈಕಲ್ಲುಗಳು ಈಗಲೂ ಎಷ್ಟೋ ಮನೆಗಳ ದನದ ಕೊಟ್ಟಿಗೆಯ ಮೂಲೆಯಲ್ಲಿ ಗಾಳಿಯಿಲ್ಲದೆ ಒರಗಿ ನಿಂತಿವೆ. ದೂಧಗಂಗೆಯ ಬಯಲಿಗೆ ಗೇರಿನ ದುಬಾರಿ ಸೈಕಲ್ಲು ಬೇಕಿಲ್ಲ, ಏರು ಕಡಿಮೆ. ಟ್ಯೂಬು, ಬ್ರೇಕ್ ಬ್ಲಾಕು, ಚೈನಿಗೆ ಎಣ್ಣೆ, ಇಷ್ಟಾದರೆ ಮಗಳು ಶಾಲೆಗೆ ಓಡಿಸಿದ ಸೈಕಲ್ಲೇ ಅವ್ವನನ್ನು ಬಾಂದಾರ ದಾಟಿಸುತ್ತದೆ. ಹೆಣ್ಣುಮಕ್ಕಳು ನಾಲ್ಕಾರು ಮಂದಿ ಕೂಡಿ ಹೊರಡಲಿ ಎಂಬುದು ಈ ಮಾತಿನ ದೊಡ್ಡ ಆಸೆ. ಶಾಲೆ ಮುಗಿದೊಡನೆ ಸೈಕಲ್ ಬಿಡಬೇಕೆಂಬ ನಿಯಮವೇನೂ ಇಲ್ಲ. ಘಾಟ್ ಬೇಕೆನ್ನುವ ಗಟ್ಟಿಗರಿಗೆ ನಿಪ್ಪಾಣಿಯಾಚೆ ಸ್ತವನಿಧಿಯ ಗುಡ್ಡಗಳಿವೆ. ಅದಕ್ಕೆ ಗೇರು ಬೇಕು, ಹೆದ್ದಾರಿಯ ವಾಹನಗಳ ಎಚ್ಚರವೂ ಬೇಕು.

ಸೀಟಿನ ಎತ್ತರ ನೋಡುವುದು ಸುಲಭ. ಸೀಟಿನ ಮೇಲೆ ಕೂತು, ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಾದರೆ ಎರಡೇ ತಾಸಿನಲ್ಲಿ ಮೊಣಕಾಲು ನೋಯುತ್ತದೆ, ಜನ ಅದನ್ನು ವಯಸ್ಸಿನ ತಪ್ಪೆಂದು ತಿಳಿದು ಸೈಕಲ್ ಬಿಡುತ್ತಾರೆ. ವೇಗ ತಾಸಿಗೆ 12 ಕಿಲೋಮೀಟರ್ ಆಸುಪಾಸು ಇದ್ದರೆ ಪಕ್ಕದವರ ಜೊತೆ ಮಾತಾಡುತ್ತ ತುಳಿಯಬಹುದು. ಮಾತಾಡಲು ಉಸಿರು ಸಾಲುತ್ತಿಲ್ಲವೆಂದರೆ ಅದು ಜಾತ್ರೆಯ ಸೈಕಲ್ ಶರ್ಯತ್ತಾಯಿತು, ಸವಾರಿಯಲ್ಲ. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಒಬ್ಬೊಬ್ಬರಿಗೂ ಒಂದೊಂದು ಬಾಟಲಿ ನೀರು. ಕುರಿಹಟ್ಟಿಯ ನಾಯಿ ಬೆನ್ನು ಹತ್ತಿದರೆ ಜೋರಾಗಿ ತುಳಿಯಬಾರದು. ಇಳಿದು, ಸೈಕಲ್ಲನ್ನು ನಾಯಿಗೂ ತನಗೂ ನಡುವೆ ಇಟ್ಟುಕೊಂಡು ನಡೆದರೆ ಅದು ತನ್ನ ಗಡಿಯಲ್ಲೇ ನಿಲ್ಲುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಬೆವರಿತೆಂದು ನೀರಿಗಿಳಿಯುವುದು ಬೇಡ.

ಭೋಜದಿಂದ ಪೂರ್ವಕ್ಕೆ ಹೋಗುವವರಿಗೆ ಬೇಡಕಿಹಾಳ, ಸದಲಗಾ, ಯಕ್ಸಂಬಾ ಸಾಲಾಗಿ ಸಿಗುತ್ತವೆ. ಸದಲಗಾ 1946ರಲ್ಲಿ ಆಚಾರ್ಯ ವಿದ್ಯಾಸಾಗರ ಮಹಾರಾಜರು ಹುಟ್ಟಿದ ಊರು. ಕಾಗವಾಡ ತಾಲ್ಲೂಕಿನ ಶೇಡಬಾಳ 1925ರಲ್ಲಿ ಆಚಾರ್ಯ ವಿದ್ಯಾನಂದರು ಹುಟ್ಟಿದ ಊರು. ಹಾಗಾಗಿ ಈ ರಸ್ತೆಗಳಲ್ಲಿ ಬೆಳಗಿನ ಹೊತ್ತು ವಿಹಾರಕ್ಕೆ ಹೊರಟ ಮುನಿಸಂಘ ಎದುರಾಗುವುದುಂಟು. ವಾಹನ ಏರದೆ ಬರಿಗಾಲಲ್ಲಿ ನಡೆಯುವ ಅವರ ಪಕ್ಕದಲ್ಲಿ ಗಂಟೆ ಬಾರಿಸುತ್ತ ನುಗ್ಗದೆ, ಇಳಿದು ದಾರಿ ಬಿಡುವುದು ಈ ನೆಲದ ರೀತಿ. ಭಾರತ ಹುಣ್ಣಿಮೆಯ ಮುಂಚೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟ ಎತ್ತಿನ ಗಾಡಿಗಳ ಸಾಲಿಗೂ ಇದೇ ಮರ್ಯಾದೆ ಸಲ್ಲಬೇಕು; ಸೈಕಲ್ಲಿನ ಮಿರುಗಿಗೆ ಎತ್ತುಗಳು ಬೆದರುತ್ತವೆ.

ಇಡೀ ದಿನ ಕೈಯಲ್ಲಿದ್ದವರು ಖಿದ್ರಾಪುರಕ್ಕೆ ಹೋಗಬೇಕು. ಯಕ್ಸಂಬಾ ಕಡೆಯಿಂದ ದೂಧಗಂಗೆ ದಾಟಿ ಮಹಾರಾಷ್ಟ್ರದ ಶಿರೋಳ ತಾಲ್ಲೂಕು ಹೊಕ್ಕು, ಟಾಕಳಿಯ ಹಾದಿ ಕೇಳುತ್ತ ಹೋದರೆ ಕೃಷ್ಣೆಯ ದಂಡೆಯ ಮೇಲೆ ಶಿಲಾಹಾರರ ಕಾಲದ ಕೋಪೇಶ್ವರ ಗುಡಿ. ಗುಡಿಯ ಶಾಸನಗಳಲ್ಲಿ ಕನ್ನಡವಿದೆ. 1213ರ ಯಾದವ ಸಿಂಘಣನ ಶಾಸನ ಸಂಸ್ಕೃತದಲ್ಲಿದೆ. ಈ ಶಿವನ ಮುಂದೆ ನಂದಿ ಇಲ್ಲ. ಅದು ಯಡೂರಿನಲ್ಲಿದೆ ಎಂದು ಎರಡೂ ದಂಡೆಯ ಜನ ಹೇಳುತ್ತಾರೆ. ಮುಂಭಾಗದ ಸ್ವರ್ಗಮಂಟಪದ ನಡುವಿನ ಛಾವಣಿ ದುಂಡಗೆ ತೆರೆದಿದೆ, ಅದರ ಕೆಳಗಿನ ದುಂಡುಗಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಸುತ್ತಲಿನ ಕಂಬಗಳ ನೆರಳಲ್ಲಿ ತಾಸು ಕೂತು ದಣಿವಾರಿಸಿಕೊಂಡು, ರೊಟ್ಟಿಗಂಟನ್ನು ಗುಡಿಯ ಹೊರಗೆ ಬಿಚ್ಚಿ ಉಂಡು, 3 ಗಂಟೆಗೆಲ್ಲ ಹಿಂದಿರುಗಲು ಹೊರಡಬೇಕು. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಕತ್ತಲಾದ ಮೇಲೆ ರಿಫ್ಲೆಕ್ಟರಿಲ್ಲದ ಕಬ್ಬಿನ ಟ್ರೇಲರುಗಳು ರಸ್ತೆಗಿಳಿಯುತ್ತವೆ. ವಾಪಸು ತುಳಿಯಲು ಆಗದವರು ಟಾಕಳಿ ಅಥವಾ ಯಕ್ಸಂಬಾದಲ್ಲಿ ಊರಿನ ಟೆಂಪೋದವರನ್ನು ಮೊದಲೇ ಮಾತಾಡಿಸಿಟ್ಟಿದ್ದರೆ ಸೈಕಲ್ ಸಮೇತ ಭೋಜಕ್ಕೆ ಬಿಡುತ್ತಾರೆ.