ಕುದುರೆಯ ಮೇಲಿನ ಕುವರ, ತಾಯಿಯ ಮಡಿಲಿನ ಅರಸ
(ಮೂವರು ರಾಯರ ಹಬ್ಬದ ಪ್ರಬೋಧನೆ)



ಜೋಯಿಸರು ಮೊದಲು ಹೋದದ್ದು ಜೆರುಸಲೇಮಿಗೆ. ಅರಸುಕುವರ ಹುಟ್ಟಿದ್ದರೆ ಅರಮನೆಯಲ್ಲೇ ಇರಬೇಕಲ್ಲವೇ? ನಾವಾಗಿದ್ದರೂ ಅಲ್ಲಿಗೇ ಹೋಗುತ್ತಿದ್ದೆವು.

ಅರಮನೆಯ ಕುವರ ಹೇಗಿರುತ್ತಾನೆಂಬುದನ್ನು ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1634-35ರ ಸುಮಾರಿಗೆ ಬರೆದ ತೈಲಚಿತ್ರವೊಂದು ತೋರಿಸುತ್ತದೆ. ರಾಜಕುಮಾರ ಬಾಲ್ತಸಾರ್ ಕಾರ್ಲೊಸನಿಗೆ ಆಗ ಸುಮಾರು 5 ವರ್ಷ. ನಮ್ಮ ಮಕ್ಕಳು ಅಂಗನವಾಡಿಗೆ ಹೋಗುವ ವಯಸ್ಸು. ಕುದುರೆ ಮುಂಗಾಲೆತ್ತಿ ನೆಗೆಯುತ್ತಿದೆ. ಮಗುವಿನ ಕೈಯಲ್ಲಿ ಸೇನಾಪತಿಯ ದಂಡ. ಕುದುರೆಯ ಹೊಟ್ಟೆ ಮಾತ್ರ ಪೀಪಾಯಿಯಂತೆ ಉಬ್ಬಿ ಕಾಣುತ್ತದೆ. ಏಕೆಂದರೆ, ಅರಮನೆಯ ಸಭಾಂಗಣದಲ್ಲಿ ಬಾಗಿಲಿನ ಮೇಲೆ, ತಂದೆತಾಯಿಯ ಚಿತ್ರಗಳ ನಡುವೆ ತೂಗುಹಾಕಲೆಂದು ಬರೆದದ್ದು ಅದು. ಬಂದವರೆಲ್ಲ ತಲೆಯೆತ್ತಿಯೇ ನೋಡಬೇಕು! ಆ ಕುವರ 1646ರಲ್ಲಿ, 17 ತುಂಬುವ ಮೊದಲೇ ತೀರಿಕೊಂಡ. ಪಟ್ಟ ಕಾಣಲಿಲ್ಲ.

ದೂರದ ಮಾತೇಕೆ? ಅದೇ ಶತಮಾನದಲ್ಲಿ ನಮ್ಮ ರಾಯಚೂರಿನ ಕೋಟೆ ಬಿಜಾಪುರದ ಆದಿಲ್‌ಶಾಹಿಗಳದ್ದಾಗಿತ್ತು. ಅವರ ಕೊನೆಯ ಸುಲ್ತಾನ ಸಿಕಂದರ್ 1672ರಲ್ಲಿ ಸಿಂಹಾಸನ ಏರಿದಾಗ ಇನ್ನೂ ಎಳೆಯ ಮಗು. 1680ರ ಸುಮಾರಿನ ಚಿತ್ರವೊಂದರಲ್ಲಿ ಆ ವಂಶದ ಒಂಬತ್ತು ಸುಲ್ತಾನರೂ ಒಟ್ಟಿಗೆ ಕುಳಿತಿದ್ದಾರೆ. ಅವರಲ್ಲಿ ಆಗ ಬದುಕಿದ್ದವನು ಆ ಹುಡುಗನೊಬ್ಬನೇ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಸಿಕಂದರ್ ಸೆರೆಯಾದ.

ಜೋಯಿಸರನ್ನು ನಕ್ಷತ್ರವು ಅರಮನೆಯಿಂದಾಚೆಗೆ ಕರೆದೊಯ್ದಿತು. ಸಂತ ಮತ್ತಾಯರು ಹೇಳುವುದು ಒಂದು ಮನೆಯ ವಿಷಯ: ಅಲ್ಲಿ ಮಗು, ಮಗುವಿನ ತಾಯಿ, ಅಷ್ಟೇ. ಬಳಿಕ ಆ ಕುಟುಂಬ ಹೆರೋದನಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟಿತು. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗಿಬಂದವರಿಗೆ ಆ ದಾರಿಯನ್ನು ನಾವೇನು ವಿವರಿಸುವುದು?

ವೆಲಾಸ್ಕೆಸ್ ಜೋಯಿಸರ ಆರಾಧನೆಯನ್ನೂ ಬರೆದಿದ್ದಾನೆ. ಅದು 1619ರಲ್ಲಿ, ಅವನಿನ್ನೂ ರಾಜನ ಆಸ್ಥಾನ ಸೇರಿರಲಿಲ್ಲ. ಅದೇ ವರ್ಷ ಅವನ ಹಿರಿಮಗಳು ಫ್ರಾನ್ಸಿಸ್ಕಾ ಹುಟ್ಟಿದ್ದಳು. ಮಾತೆ ಮರಿಯಮ್ಮನವರ ಮಡಿಲಲ್ಲಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಬಾಲಯೇಸುವಿಗೆ ಅವನು ಆ ಮಗಳ ಮುಖವನ್ನೇ ಕೊಟ್ಟನೆಂದು ಕಲಾಪಂಡಿತರು ಹಲವರು ಹೇಳುತ್ತಾರೆ. ಹಾಗಿದ್ದರೆ, ಅರಸರು ಕಾಣಿಕೆ ಹಿಡಿದು ಬಂದಿರುವುದು ಒಂದು ಹೆಣ್ಣುಕೂಸಿನ ಮುಖದೆದುರಿಗೆ.

ನಮ್ಮ ಮನೆಗಳಲ್ಲಿ ವಂಶೋದ್ಧಾರಕನೆಂದರೆ ಗಂಡುಮಗುವೇ. ಅವನು ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಹತ್ತುತ್ತಾನೆ; ಅವನ ಅಕ್ಕ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೊಲಕ್ಕೆ ನಡೆಯುತ್ತಾಳೆ. ಜ್ಞಾನಸ್ನಾನದ ದಿನ ಇಬ್ಬರ ನೆತ್ತಿಗೂ ಒಂದೇ ಪವಿತ್ರ ತೈಲ ಹಚ್ಚಿದೆವು, ಇಬ್ಬರಿಗೂ ಕ್ರಿಸ್ತರ ಅರಸುತನದಲ್ಲಿ ಪಾಲಿದೆ ಎಂದೆವು. ಮನೆಗೆ ಬರುವಷ್ಟರಲ್ಲಿ ಪಾಲು ಬೇರೆಯಾಯಿತೇ?

ನಾಳೆ ಸೋಮವಾರ. ಹೊಲದಲ್ಲಿ ಹತ್ತಿ ಇನ್ನೂ ಉಳಿದಿದೆ, ಶಾಲೆಯೂ ತೆರೆದಿರುತ್ತದೆ. ಅಕ್ಕ ಎಲ್ಲಿಗೆ ಹೋಗಬೇಕೆಂದು ಈ ರಾತ್ರಿ ಊಟವಾದ ಮೇಲೆ ಮಾತಾಡೋಣ. ಆ ಮಾತಿಗೆ ಅವಳನ್ನೂ ಕೂರಿಸಿಕೊಳ್ಳೋಣ.