ಟ್ರ್ಯಾಕ್ಟರ್ ಕೊಳ್ಳುವ ಮುನ್ನ



ಬ್ಯಾಂಕಿನ ಕಾರಕೂನನಾಗಿ ಸೊಲ್ಲಾಪುರ, ಅಕ್ಕಲಕೋಟ ಕಡೆಯ ಎಷ್ಟೋ ರೈತರಿಗೆ ಟ್ರ್ಯಾಕ್ಟರ್ ಸಾಲದ ಅರ್ಜಿ ತುಂಬಿಕೊಟ್ಟವನು ನಾನು. ಎಲ್ಲರದೂ ಒಂದೇ ಪ್ರಶ್ನೆ: “ಸಾಹೇಬ್ರ, ಕಬ್ಬಿನ ಎರಡು ಟ್ರಾಲಿ ಜಗ್ಗತೈತೇನ್ರಿ?” “ಎರಡು ಟ್ರಾಲಿ ತಡೀತೈತೇನ್ರಿ?” ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅದರ ಬೆಲೆ ತೆತ್ತವನು ನನ್ನ ತಮ್ಮ. ಇಳಿಜಾರಿನಲ್ಲಿ ತುಂಬಿದ ಟ್ರಾಲಿ ಹಿಂದಿನಿಂದ ನೂಕಿ ಟ್ರ್ಯಾಕ್ಟರ್ ಮಗುಚಿತು. ಜೀವ ಉಳಿಯಿತು, ಕಾಲು ಹೋಯಿತು. ಸಾಲದ ಹಪ್ತೆ ಮಾತ್ರ ನಿಲ್ಲಲಿಲ್ಲ.

ಆದ್ದರಿಂದ ಅಶ್ವಶಕ್ತಿಯೊಂದನ್ನೇ ನೋಡಬೇಡಿರಿ. ಟ್ರ್ಯಾಕ್ಟರಿನ ಸ್ವಂತ ತೂಕ, ಬ್ರೇಕು ನೋಡಿರಿ. ಟ್ರಾಲಿಗೂ ಬ್ರೇಕು ಇರಲಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. 1988ರ ಮೋಟಾರು ವಾಹನ ಕಾಯ್ದೆಯಂತೆ ಟ್ರಾಲಿಗೂ ನೋಂದಣಿ ಬೇಕು. ಅದರಲ್ಲಿ ಬರೆದ ತೂಕ ಮೀರಬೇಡಿರಿ. ವಿಮೆಯಲ್ಲಿ ಟ್ರಾಲಿಯೂ ಸೇರಿದೆಯೇ ಎಂದು ಓದಿಸಿಕೊಳ್ಳಿರಿ. ರಸ್ತೆಗಿಳಿಯುವಾಗ ಎರಡೂ ಬ್ರೇಕ್ ಪೆಡಲ್ ಜೋಡಿಸಿರಿ. ಇಳಿಜಾರು ಬರುವ ಮೊದಲೇ ಸಣ್ಣ ಗೇರಿಗೆ ಬನ್ನಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿರಿ.

ಕೊನೆಗೊಂದು ಲೆಕ್ಕ: ಕಬ್ಬಿನ ಹಂಗಾಮು ವರ್ಷವಿಡೀ ಇರುವುದಿಲ್ಲ, ಬಡ್ಡಿ ಇರುತ್ತದೆ. ಉಳಿದ ತಿಂಗಳು ಟ್ರ್ಯಾಕ್ಟರಿಗೆ ಏನು ಕೆಲಸ ಎಂದು ಬರೆದುಕೊಂಡೇ ಬ್ಯಾಂಕಿನ ಮೆಟ್ಟಿಲು ಹತ್ತಿರಿ.

ಜಗ್ಗುವ ಎತ್ತು ಒಳ್ಳೆಯದು. ಹೋ ಎಂದರೆ ನಿಲ್ಲುವ ಎತ್ತು ಇನ್ನೂ ಒಳ್ಳೆಯದು.